ಸಂಸ್ಥೆಯ ಹೆಸರಿನ ಬಂದೂಕು ಪರವಾನಗಿ

ಸಂಸ್ಥೆಯ ಹೆಸರಿನ ಬಂದೂಕು ಪರವಾನಗಿ ಎಂದರೆ ಬ್ಯಾಂಕು, ಕಂಪನಿ, ಕ್ರೀಡಾಸಂಘ ಮುಂತಾದ ಸಂಸ್ಥೆಗಳು ಬಂದೂಕು ಮತ್ತು ಮದ್ದುಗುಂಡುಗಳನ್ನು ಹೊಂದಲು ಸರ್ಕಾರವು ನೀಡುವ ಅನುಮತಿ. ಭಾರತದಲ್ಲಿ ಇದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳಿಗೆ ಒಳಪಟ್ಟಿದೆ. ಆಯುಧವು ಸಂಸ್ಥೆಯದಾಗಿದ್ದರೂ ಅದನ್ನು ಹಿಡಿಯುವವನು ಮನುಷ್ಯನೇ. ಆದುದರಿಂದ ಸಂಸ್ಥೆಯ ಹಿಂದಿರುವ ವ್ಯಕ್ತಿ ಯಾರೆಂಬುದನ್ನು ಗೊತ್ತುಪಡಿಸುವುದೇ ಈ ವ್ಯವಸ್ಥೆಯ ಮುಖ್ಯ ಪ್ರಶ್ನೆಯಾಗಿದೆ.

ಕಾನೂನಿನ ಹಿನ್ನೆಲೆ

ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಪರವಾನಗಿಯಿಲ್ಲದೆ ಯಾವ ವ್ಯಕ್ತಿಯೂ ಬಂದೂಕನ್ನು ಹೊಂದುವಂತಿಲ್ಲ. 1897ರ ಸಾಮಾನ್ಯ ಖಂಡಗಳ ಕಾಯ್ದೆಯು ‘ವ್ಯಕ್ತಿ’ ಎಂಬ ಪದದಲ್ಲಿ ಕಂಪನಿಗಳನ್ನೂ, ನೋಂದಣಿಯಾಗಿರಲಿ ಆಗದಿರಲಿ, ಸಂಘಗಳನ್ನೂ ಸೇರಿಸುತ್ತದೆ. ‘ಬಂದೂಕು’ ಎಂಬುದರ ಅರ್ಥವೂ ವಿಶಾಲವಾದುದು: ಗುಂಡು ಹಾರಿಸುವಾಗಿನ ಸದ್ದನ್ನು ಅಥವಾ ಬೆಳಕನ್ನು ಅಡಗಿಸುವ ಸೈಲೆನ್ಸರಿನಂತಹ ಸಾಧನಗಳು ಕೂಡ ಕಾಯ್ದೆಯ ದೃಷ್ಟಿಯಲ್ಲಿ ಬಂದೂಕುಗಳೇ ಆಗಿವೆ.

2019ರ ತಿದ್ದುಪಡಿಯು ಒಬ್ಬನು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಿತು. ಪರವಾನಗಿಯ ಅವಧಿಯನ್ನು 3 ವರ್ಷಗಳಿಂದ 5 ವರ್ಷಗಳಿಗೆ ಹೆಚ್ಚಿಸಿತು.

ಬ್ಯಾಂಕುಗಳು ಮತ್ತು ರಿಟೇನರ್

ಸಂಸ್ಥೆಯ ಬಂದೂಕಿಗೆ ಪರಿಚಿತ ಉದಾಹರಣೆಯೆಂದರೆ ಬ್ಯಾಂಕಿನ ಬಾಗಿಲಲ್ಲಿ ಕಾಣುವ ಜೋಡುನಳಿಗೆಯ 12 ಬೋರ್ ಬಂದೂಕು. ಬೆಂಗಳೂರು ನಗರದಲ್ಲಿ ಪರವಾನಗಿ ನೀಡುವ ಅಧಿಕಾರವು ಪೊಲೀಸ್ ಆಯುಕ್ತರಿಗಿದೆ. ಹೀಗಾಗಿ ಅನ್ನಪೂರ್ಣೇಶ್ವರಿ ನಗರದಲ್ಲಿನ ಶಾಖೆಯೊಂದಕ್ಕೆ ಬಂದೂಕು ಬೇಕಾದರೆ ಅರ್ಜಿಯು ಆಯುಕ್ತರಿಗೆ ಸಲ್ಲುತ್ತದೆ. ಅರ್ಜಿಯ ಬಗ್ಗೆ ಸಮೀಪದ ಪೊಲೀಸ್ ಠಾಣೆಯಿಂದ ವರದಿ ತರಿಸಿಕೊಳ್ಳಬೇಕೆಂದು 13ನೇ ಸೆಕ್ಷನ್ ಹೇಳುತ್ತದೆ.

ಪರವಾನಗಿ ಬ್ಯಾಂಕಿನದಾದರೂ ಕಾವಲುಗಾರನ ಹೆಸರು ಅದರಲ್ಲಿ ‘ರಿಟೇನರ್’ ಎಂದು ದಾಖಲಾಗುತ್ತದೆ. ರಿಟೇನರ್ ಎಂದರೆ ಪರವಾನಗಿದಾರನ ಪರವಾಗಿ ಆಯುಧವನ್ನು ಹಿಡಿಯಲು ಅನುಮತಿ ಪಡೆದವನು. ಅವನು ಬಂದೂಕಿನ ಒಡೆಯನಲ್ಲ. ಅವನು ಕೆಲಸ ಬಿಟ್ಟರೆ ಬಂದೂಕು ಬ್ಯಾಂಕಿನಲ್ಲಿಯೇ ಉಳಿಯುತ್ತದೆ, ಪರವಾನಗಿಯಲ್ಲಿನ ಹೆಸರು ಬದಲಾಗಬೇಕಾಗುತ್ತದೆ. ಹೆಸರಿಲ್ಲದ ಮತ್ತೊಬ್ಬ ನೌಕರನ ಕೈಗೆ ಬಂದೂಕನ್ನು ಕೊಟ್ಟು ಕಾವಲಿಗೆ ನಿಲ್ಲಿಸುವುದು ಸಣ್ಣ ತಪ್ಪಲ್ಲ. ಅರ್ಹತೆಯನ್ನು ಖಚಿತಪಡಿಸಿಕೊಳ್ಳದೆ ಇನ್ನೊಬ್ಬನಿಗೆ ಆಯುಧವನ್ನು ಒಪ್ಪಿಸುವುದು 29ನೇ ಸೆಕ್ಷನ್ ಅಡಿಯಲ್ಲಿ ಅಪರಾಧ.

ಹೊಣೆಗಾರಿಕೆ

ಕಂಪನಿಯನ್ನು ಸೆರೆಮನೆಗೆ ಕಳುಹಿಸಲಾಗದು. ಈ ತೊಡಕಿಗೆ 33ನೇ ಸೆಕ್ಷನ್ ಉತ್ತರ ನೀಡುತ್ತದೆ. ಕಂಪನಿಯಿಂದ ಅಪರಾಧ ನಡೆದರೆ ಕಂಪನಿಯೊಂದಿಗೆ, ಆ ವೇಳೆಯಲ್ಲಿ ಅದರ ವ್ಯವಹಾರದ ಉಸ್ತುವಾರಿ ಹೊತ್ತಿದ್ದವರೂ ಅಪರಾಧಿಗಳೆಂದು ಪರಿಗಣಿತರಾಗುತ್ತಾರೆ. ತಮಗೆ ತಿಳಿಯದೆ ಅದು ನಡೆಯಿತೆಂದೂ, ತಡೆಯಲು ತಕ್ಕ ಎಚ್ಚರ ವಹಿಸಿದ್ದೆವೆಂದೂ ಅವರು ಸಾಬೀತುಪಡಿಸಿದರೆ ಶಿಕ್ಷೆಯಿಂದ ಪಾರಾಗಬಹುದು. ನಿರ್ದೇಶಕರ ಅಥವಾ ವ್ಯವಸ್ಥಾಪಕರ ಸಮ್ಮತಿ ಇಲ್ಲವೆ ನಿರ್ಲಕ್ಷ್ಯ ಕಂಡುಬಂದರೆ ಅವರೂ ಹೊಣೆಗಾರರು. ಇಲ್ಲಿ ‘ಕಂಪನಿ’ ಎಂದರೆ ಪಾಲುದಾರಿಕೆ ಸಂಸ್ಥೆ ಹಾಗೂ ಇತರ ಸಂಘಗಳೂ ಸೇರುತ್ತವೆ.

ರೈಫಲ್ ಸಂಘಗಳು

ಕೇಂದ್ರ ಸರ್ಕಾರದ ಪರವಾನಗಿ ಅಥವಾ ಮಾನ್ಯತೆ ಪಡೆದ ರೈಫಲ್ ಕ್ಲಬ್ಬು ಮತ್ತು ಸಂಘಗಳ ಸದಸ್ಯರು ಗುರಿ ಅಭ್ಯಾಸಕ್ಕಾಗಿ .22 ಬೋರ್ ರೈಫಲ್ ಅಥವಾ ಏರ್ ರೈಫಲ್ ಬಳಸುವಾಗ ಎರಡು ಬಂದೂಕುಗಳ ಮಿತಿ ಅನ್ವಯಿಸುವುದಿಲ್ಲ. ಬಂದೂಕು ವ್ಯಾಪಾರಿಗಳಿಗೂ ಈ ಮಿತಿಯಿಂದ ವಿನಾಯಿತಿಯಿದೆ.

ಕೊಡಗಿನ ವಿನಾಯಿತಿ

ಕರ್ನಾಟಕದಲ್ಲಿ ಪರವಾನಗಿಯೇ ಬೇಕಿಲ್ಲದ ಒಂದು ವರ್ಗವೂ ಇದೆ. ಕಾಯ್ದೆಯ 41ನೇ ಸೆಕ್ಷನ್ ಅಡಿಯಲ್ಲಿ ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರ್ಕಾರವು ವಿನಾಯಿತಿ ನೀಡಿದೆ. ಇದರ ಮೂಲ ಬ್ರಿಟಿಷರ ಕಾಲದಲ್ಲಿದೆ. 2019ರಲ್ಲಿ ಇದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಲಾಯಿತು. ಈ ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಿರಸ್ಕರಿಸಿತು. ಕೊಡವರಲ್ಲಿ ಒಕ್ಕ ಎಂಬ ಅವಿಭಕ್ತ ಮನೆತನದ ಪದ್ಧತಿಯಿದ್ದು, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಆದರೂ ವಿನಾಯಿತಿ ದೊರೆತಿರುವುದು ಒಕ್ಕ ಎಂಬ ಸಂಸ್ಥೆಗಲ್ಲ. ಆ ಜನಾಂಗದ ಅಥವಾ ಹಿಡುವಳಿಯ ಪ್ರತಿಯೊಬ್ಬ ವ್ಯಕ್ತಿಗೆ.

ಅಮೆರಿಕದ ‘ಗನ್ ಟ್ರಸ್ಟ್’

ಅಮೆರಿಕದಲ್ಲಿ ಸೈಲೆನ್ಸರ್, ಮೋಟು ನಳಿಗೆಯ ರೈಫಲ್, ಮೆಷಿನ್ ಗನ್ ಮುಂತಾದವು 1934ರ ರಾಷ್ಟ್ರೀಯ ಬಂದೂಕು ಕಾಯ್ದೆಗೆ ಒಳಪಟ್ಟಿವೆ. ಇವನ್ನು ಟ್ರಸ್ಟಿನ ಹೆಸರಿನಲ್ಲಿ ನೋಂದಾಯಿಸಿದರೆ ಟ್ರಸ್ಟಿಗಳೆಲ್ಲರೂ ಬಳಸಬಹುದು. ವೈಯಕ್ತಿಕ ಅರ್ಜಿದಾರನಿಗೆ ಸ್ಥಳೀಯ ಪೊಲೀಸ್ ಮುಖ್ಯಸ್ಥನ ಸಹಿ ಅಗತ್ಯವಾಗಿತ್ತು, ಟ್ರಸ್ಟಿಗೆ ಅದು ಬೇಕಿರಲಿಲ್ಲ. 2016ರ ಜುಲೈನಲ್ಲಿ ಜಾರಿಗೆ ಬಂದ ನಿಯಮವು ಸಹಿಯ ಬದಲು ಪೊಲೀಸ್ ಮುಖ್ಯಸ್ಥನಿಗೆ ಮಾಹಿತಿ ನೀಡಿದರೆ ಸಾಕೆಂದಿತು. ಆದರೆ ಟ್ರಸ್ಟಿನ ಪ್ರತಿಯೊಬ್ಬ ಹೊಣೆಗಾರನೂ ಭಾವಚಿತ್ರ ಮತ್ತು ಬೆರಳಚ್ಚು ಸಲ್ಲಿಸಬೇಕೆಂದು ಕಡ್ಡಾಯಗೊಳಿಸಿತು.

ಉತ್ತರಾಧಿಕಾರ

ಅಮೆರಿಕದಲ್ಲಿ ಟ್ರಸ್ಟ್ ರಚಿಸುವವರ ಒಂದು ಉದ್ದೇಶ, ಮರಣಾನಂತರ ಆಯುಧವು ಸುಗಮವಾಗಿ ವಾರಸುದಾರರಿಗೆ ಸೇರಲಿ ಎಂಬುದು. ಭಾರತದಲ್ಲಿ ತಂದೆಯ ಬಂದೂಕು ಆಸ್ತಿಯಂತೆ ತಾನಾಗಿಯೇ ಮಗನ ಕೈ ಸೇರುವುದಿಲ್ಲ. ವಾರಸುದಾರನು ತನ್ನ ಹೆಸರಿನಲ್ಲಿ ಪರವಾನಗಿ ಪಡೆಯಬೇಕು, ಇಲ್ಲವೆ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ವ್ಯಾಪಾರಿಯಲ್ಲಿ ಠೇವಣಿಯಿಡಬೇಕು. ಪಿತ್ರಾರ್ಜಿತ ಬಂದೂಕುಗಳಿಗೂ ಎರಡರ ಮಿತಿ ಅನ್ವಯಿಸುತ್ತದೆ.