ಶೆಲ್ಲಿಗೆ ಹೊಸ ಆದೇಶಗಳನ್ನು ಕೂಡಿಸುವ ಬಗೆ: ಕಾಗಿನೆಲೆಯ ಅಂಕಿತವೊಂದು ನಿದರ್ಶನ

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿಗೆ ಸೇರಿದ ಕಾಗಿನೆಲೆಯ ಹೆಸರು ಕನಕದಾಸರ ಅಂಕಿತದಲ್ಲಿ ಸೇರಿ ಕನ್ನಡನಾಡಿನ ಮನೆಮನೆಯ ಮಾತಾಗಿದೆ. ದಾಸರ ಕೃತಿಗಳು ಈಗ ಗಣಕಯಂತ್ರದ ಕಡತಗಳ ರೂಪದಲ್ಲಿಯೂ ದೊರೆಯುತ್ತಿರುವುದರಿಂದ, ಅಂಕಿತವನ್ನು ಹುಡುಕುವ ಮತ್ತು ಮಾತ್ರೆಗಳನ್ನೆಣಿಸುವ ಕೆಲಸವನ್ನು ವಿದ್ಯಾರ್ಥಿಗಳು ಯಂತ್ರಕ್ಕೆ ವಹಿಸುವುದು ಸಹಜವಾಗಿದೆ. ಆದರೆ ಯಂತ್ರದೊಡನೆ ಬರುವ ಸಿದ್ಧ ಆದೇಶಗಳು ಕನ್ನಡದ ಅಕ್ಷರವನ್ನು ಅಕ್ಷರವೆಂದು ಅರಿಯವು. ಆ ಕೊರತೆಯನ್ನು ತುಂಬಲು ಶೆಲ್ಲಿಗೆ ಹೊಸ ಆದೇಶಗಳನ್ನು, ಎಂದರೆ ಪ್ಲಗಿನ್ನುಗಳನ್ನು, ಕೂಡಿಸುವ ಬಗೆ ಹೇಗೆಂಬುದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಶೆಲ್ ಎಂದರೇನು?

ನಾವು ಬೆರಳಚ್ಚಿಸಿದ ಸಾಲನ್ನು ಓದಿ, ಪದಗಳಾಗಿ ವಿಂಗಡಿಸಿ, ತಕ್ಕ ಪ್ರೋಗ್ರಾಮನ್ನು ನಡೆಯಿಸುವ ಮಧ್ಯಸ್ಥನೇ ಶೆಲ್. ಬೆಲ್ ಪ್ರಯೋಗಶಾಲೆಯಲ್ಲಿ ೧೯೬೯ರಲ್ಲಿ ಆರಂಭವಾದ ಯೂನಿಕ್ಸ್ ವ್ಯವಸ್ಥೆಗೆ ಕೆನ್ ಥಾಂಪ್ಸನ್ನರು ಮೊದಲ ಶೆಲ್ಲನ್ನು ರಚಿಸಿದರು. ಡಗ್ಲಸ್ ಮೆಕಿಲ್ರಾಯ್ ಅವರ ಸೂಚನೆಯಂತೆ ೧೯೭೩ರಲ್ಲಿ ಅದಕ್ಕೆ ಪೈಪ್ ಸೇರಿತು. ಒಂದು ಪ್ರೋಗ್ರಾಮಿನ ಫಲವು ಮತ್ತೊಂದಕ್ಕೆ ನೇರವಾಗಿ ಆಹಾರವಾಗುವ ಏರ್ಪಾಡೇ ಪೈಪ್. ೧೯೭೯ರ ಬೋರ್ನ್ ಶೆಲ್, ೧೯೮೯ರ ಬ್ಯಾಶ್, ೧೯೯೦ರ ಜೆಡ್-ಶೆಲ್ ಇವು ಅದರ ಮುಂದಿನ ತಲೆಮಾರುಗಳು.

ಆದೇಶದ ಹೆಸರನ್ನು ಕಂಡೊಡನೆ ಶೆಲ್ ಅದನ್ನು ಒಂದು ಕ್ರಮದಲ್ಲಿ ಅರಸುತ್ತದೆ. ಬ್ಯಾಶ್‌ನಲ್ಲಿ ಸಾಮಾನ್ಯವಾಗಿ ಮೊದಲು ಬಳಕೆದಾರನು ಕೊಟ್ಟ ಅಡ್ಡಹೆಸರು, ಬಳಿಕ ಫಂಕ್ಷನ್, ಬಳಿಕ ಶೆಲ್ಲಿನ ಒಳಗೇ ಇರುವ ಆದೇಶ. ಇವಾವುವೂ ಸಿಗದಿದ್ದಲ್ಲಿ ‘ಪಾತ್’ ಎಂಬ ಪಟ್ಟಿಯಲ್ಲಿ ಹೆಸರಿಸಿದ ಕೋಶಗಳಲ್ಲಿರುವ ಪ್ರೋಗ್ರಾಮು. ಶೆಲ್ಲನ್ನು ವಿಸ್ತರಿಸುವ ಮಾರ್ಗಗಳೆಲ್ಲವೂ ಈ ಕ್ರಮದಲ್ಲಿಯೇ ಅಡಗಿವೆ.

೨. ಮೂರು ಮಾರ್ಗಗಳು

ಮೊದಲನೆಯದು, ಯಾವುದೇ ಭಾಷೆಯಲ್ಲಿ ಸ್ವತಂತ್ರ ಪ್ರೋಗ್ರಾಮನ್ನು ಬರೆದು ‘ಪಾತ್’ ಪಟ್ಟಿಯ ಕೋಶವೊಂದರಲ್ಲಿ ಇರಿಸುವುದು. ಇದು ಅತ್ಯಂತ ಸುಲಭವೂ ನಿರಪಾಯವೂ ಆದ ಮಾರ್ಗ. ಆದರೆ ಹೀಗಿರಿಸಿದ ಪ್ರೋಗ್ರಾಮು ಶೆಲ್ಲಿನಿಂದ ಬೇರೆಯಾದ ಪ್ರಕ್ರಿಯೆಯಾಗಿ ನಡೆಯುವುದರಿಂದ, ಶೆಲ್ ಈಗ ಯಾವ ಕೋಶದಲ್ಲಿದೆ, ಅದರ ಚರಾಂಶಗಳ ಬೆಲೆಯೇನು ಎಂಬುದನ್ನು ಮಾರ್ಪಡಿಸಲಾರದು. ಕೋಶವನ್ನು ಬದಲಿಸುವ ‘ಸಿಡಿ’ ಆದೇಶವು ಶೆಲ್ಲಿನ ಒಳಗೇ ಇರಬೇಕಾದುದು ಈ ಕಾರಣದಿಂದಲೇ.

ಎರಡನೆಯದು, ಫಂಕ್ಷನ್ನುಗಳನ್ನು ಒಂದು ಕಡತದಲ್ಲಿ ಬರೆದು, ಶೆಲ್ ಆರಂಭವಾಗುವಾಗ ಅದನ್ನು ಓದಿಕೊಳ್ಳುವಂತೆ ಮಾಡುವುದು. ಫಂಕ್ಷನ್ ಶೆಲ್ಲಿನ ಒಳಗೇ ನಡೆಯುವುದರಿಂದ ಅದರ ಸ್ಥಿತಿಯನ್ನು ಬದಲಿಸಬಲ್ಲುದು. ಟ್ಯಾಬ್ ಕೀಲಿಯನ್ನೊತ್ತಿದಾಗ ಕೃತಿಗಳ ಹೆಸರುಗಳನ್ನು ತಾನೇ ಪೂರ್ಣಗೊಳಿಸಬಲ್ಲುದು. ಬಳಕೆಯಲ್ಲಿ ಪ್ಲಗಿನ್ ಎಂದು ಕರೆಯುವುದು ಬಹುಮಟ್ಟಿಗೆ ಇಂಥ ಕಡತವನ್ನೇ.

ಮೂರನೆಯದು, ಸಿ ಭಾಷೆಯಲ್ಲಿ ಬರೆದು ಯಂತ್ರಸಂಕೇತಕ್ಕೆ ಪರಿವರ್ತಿಸಿದ ಘಟಕವನ್ನು ನಡೆಯುತ್ತಿರುವ ಶೆಲ್ಲಿಗೇ ಜೋಡಿಸುವುದು. ಬ್ಯಾಶ್ ಮತ್ತು ಜೆಡ್-ಶೆಲ್ ಎರಡರಲ್ಲಿಯೂ ಇದಕ್ಕೆ ಅವಕಾಶವುಂಟು. ವೇಗ ಹೆಚ್ಚು, ಆದರೆ ಘಟಕದಲ್ಲಿ ದೋಷವಿದ್ದರೆ ಶೆಲ್ಲೇ ಕುಸಿಯಬಹುದು.

೩. ‘ಮಾತ್ರೆ’ ಎಂಬ ಆದೇಶ

ಈಗ ನಿದರ್ಶನಕ್ಕೆ ಬರೋಣ. ‘ಕಾಗಿನೆಲೆ’ ಎಂಬ ಪದದಲ್ಲಿ ಅಕ್ಷರಗಳು ನಾಲ್ಕು. ಯೂನಿಕೋಡಿನಲ್ಲಿ ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು ಎಂಬಂತೆ ಎಂಟು ಸಂಕೇತಗಳು. ಯುಟಿಎಫ್-೮ ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟುಗಳಾಗುವುದರಿಂದ ಒಟ್ಟು ಇಪ್ಪತ್ತನಾಲ್ಕು ಬೈಟುಗಳು. ಎಣಿಕೆಯ ಸಿದ್ಧ ಆದೇಶವನ್ನು ಕೇಳಿದರೆ ಇಪ್ಪತ್ತನಾಲ್ಕು ಎಂದೋ ಎಂಟು ಎಂದೋ ಉತ್ತರ ಬರುವುದಲ್ಲದೆ ನಾಲ್ಕು ಎಂದು ಬಾರದು. ಮಾತ್ರೆಗಳ ಮಾತಂತೂ ದೂರವೇ ಉಳಿಯಿತು.

ಕನಕದಾಸರ ‘ಹರಿಭಕ್ತಿಸಾರ’, ‘ನಳಚರಿತ್ರೆ’, ‘ರಾಮಧಾನ್ಯಚರಿತೆ’ಗಳು ಭಾಮಿನೀ ಷಟ್ಪದಿಯಲ್ಲಿವೆ. ಅದರ ೧, ೨, ೪, ೫ನೆಯ ಪಾದಗಳಲ್ಲಿ ತಲಾ ೧೪ ಮಾತ್ರೆಗಳು, ೩, ೬ನೆಯ ಪಾದಗಳಲ್ಲಿ ತಲಾ ೨೩, ಒಟ್ಟು ೧೦೨. ಆದಕಾರಣ ‘ಮಾತ್ರೆ’ ಎಂಬ ಆದೇಶವು ಸಾಲೊಂದನ್ನು ಓದಿ, ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಕೂಡಿ ಹೇಳಿದರೆ ಗ್ರಂಥಸಂಪಾದನೆಗೆ ಸಹಾಯಕವಾಗುತ್ತದೆ. ನಿಯಮಗಳು ವಿದ್ಯಾರ್ಥಿಗಳು ಬಲ್ಲವೇ: ದೀರ್ಘಾಕ್ಷರ, ಅನುಸ್ವಾರ ಅಥವಾ ವಿಸರ್ಗದಿಂದ ಕೂಡಿದ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವು ಗುರು, ಉಳಿದವು ಲಘು. ಶಿಥಿಲದ್ವಿತ್ವದಂಥ ಅಪವಾದಗಳನ್ನು ಯಂತ್ರವು ತಾನೇ ನಿರ್ಣಯಿಸದೆ ಓದುಗನ ಗಮನಕ್ಕೆ ತರುವಂತೆ ಮಾಡುವುದು ಯುಕ್ತ.

ಆದರೆ ನಿಯಮಗಳು ಸರಿಯಿದ್ದ ಮಾತ್ರಕ್ಕೆ ಎಣಿಕೆ ಸರಿಬಾರದು. ‘ಕಾಗಿನೆಲೆಯಾದಿಕೇಶವ’ ಎಂಬ ಅಂಕಿತಕ್ಕೆ ಕೈಯಲ್ಲಿ ಎಣಿಸಿದರೆ ಹನ್ನೆರಡು ಮಾತ್ರೆಗಳು. ಇದರಲ್ಲಿಯ ‘ಕೇ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಎರಡು ರೀತಿಯಿಂದ ಬರೆಯಬಹುದು: ಏಕಾರದ ಒಂದೇ ಸಂಕೇತವಾಗಿ, ಇಲ್ಲವೆ ಹ್ರಸ್ವ ಎಕಾರದ ಚಿಹ್ನೆ ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿ. ಕಣ್ಣಿಗೆ ಎರಡೂ ಒಂದೇ. ಆದರೆ ಎರಡನೆಯ ರೂಪವನ್ನು ಕಂಡ ಅಜಾಗರೂಕ ಪ್ರೋಗ್ರಾಮು ‘ಕೆ’ ಎಂದು ಓದಿ ಹನ್ನೊಂದು ಎನ್ನುತ್ತದೆ. ಪಾದದಲ್ಲಿ ಒಂದು ಮಾತ್ರೆ ಕೊರತೆಯೆಂದು ಬಗೆದ ಸಂಪಾದಕನು, ಶುದ್ಧವಾಗಿದ್ದ ಪಾಠವನ್ನು ‘ತಿದ್ದಿ’ ಕೆಡಿಸುವ ಅಪಾಯವಿದೆ. ಪಾಠವು ಕೆಡುವುದು ಓಲೆಯ ಗರಿಯಲ್ಲಿ ಮಾತ್ರವೇ ಅಲ್ಲ. ಆದ್ದರಿಂದ ಎಣಿಸುವ ಮೊದಲೇ ಎಲ್ಲ ರೂಪಗಳನ್ನೂ ಏಕರೂಪಕ್ಕೆ ತಂದುಕೊಳ್ಳಬೇಕು. ಪೈಥಾನ್ ಭಾಷೆಯೊಡನೆ ಬರುವ ಯೂನಿಕೋಡ್ ಸಾಮಗ್ರಿಯಲ್ಲಿ ಇದಕ್ಕೆ ಸಾಧನವಿದೆ.

ಹುಡುಕುವಾಗಲೂ ಎಚ್ಚರ ಬೇಕು. ‘ಆದಿಕೇಶವ’ ಎಂದು ಅರಸಿದರೆ ‘ಕಾಗಿನೆಲೆಯಾದಿಕೇಶವ’ ಸಿಗದು. ಯಕಾರಾಗಮದಿಂದ ಆಕಾರವು ‘ಯಾ’ ಎಂಬುದರಲ್ಲಿ ಸೇರಿಹೋಗಿದೆ. ‘ದಿಕೇಶವ’ ಎಂದು ಅರಸುವುದು ಲೇಸು. ನುಡಿ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತಗಳಾದರೆ, ಮೊದಲು ಅವನ್ನು ಯೂನಿಕೋಡಿಗೆ ಪರಿವರ್ತಿಸದೆ ಯಾವ ಹುಡುಕಾಟವೂ ಫಲಿಸದು.

೪. ಯಾವ ಮಾರ್ಗ ಯುಕ್ತ?

ಮಾತ್ರೆಯ ಎಣಿಕೆಗೆ ಮೊದಲನೆಯ ಮಾರ್ಗವೇ ಸಾಕೆಂದು ನಮ್ಮ ಅಭಿಪ್ರಾಯ. ಅದು ಸಾಲನ್ನು ಓದಿ ಸಂಖ್ಯೆಯನ್ನು ಕೊಡುವುದೇ ಹೊರತು ಶೆಲ್ಲಿನ ಸ್ಥಿತಿಯನ್ನು ಮುಟ್ಟುವುದಿಲ್ಲ. ಪೈಪಿನ ಮೂಲಕ ಹುಡುಕುವ ಆದೇಶದೊಡನೆ ಸೊಗಸಾಗಿ ಹೊಂದುತ್ತದೆ. ಕೃತಿಯ ಕೋಶಕ್ಕೆ ಹೋಗುವುದು, ಹೆಸರುಗಳನ್ನು ಪೂರ್ಣಗೊಳಿಸುವುದು ಇವಕ್ಕೆ ಮಾತ್ರ ಎರಡನೆಯದನ್ನು ಬಳಸಬೇಕು. ಹೊಸ ಆದೇಶದ ಹೆಸರು ಹಳೆಯದನ್ನು ಮರೆಮಾಡದಂತೆ ನೋಡಿಕೊಳ್ಳಬೇಕು. ಅನ್ಯರ ಪ್ಲಗಿನ್ ನಮ್ಮ ಎಲ್ಲ ಅಧಿಕಾರದೊಡನೆ ನಡೆಯುವುದರಿಂದ, ಅದನ್ನು ಓದಿನೋಡದೆ ಸ್ವೀಕರಿಸಲಾಗದು.

ಇಂಥ ಆದೇಶವನ್ನು ರಚಿಸಿದವರು, ಮೊದಲು ಕೈಯಲ್ಲಿ ಪ್ರಸ್ತಾರ ಹಾಕಿದ ಕೆಲವು ಪದ್ಯಗಳಿಂದ ಅದನ್ನು ಪರೀಕ್ಷಿಸಿ ನೋಡಲಿ. ಕನ್ನಡದ ವಿದ್ಯಾರ್ಥಿಗೆ ಛಂದಸ್ಸು ತಿಳಿದಿದೆ. ಗಣಕದ ವಿದ್ಯಾರ್ಥಿಗೆ ಶೆಲ್ ತಿಳಿದಿದೆ. ಇಬ್ಬರೂ ಒಂದೇ ಮೇಜಿನ ಬಳಿ ಕುಳಿತಲ್ಲದೆ ಈ ಕೆಲಸವು ನೆರವೇರದೆಂಬುದನ್ನು ಅಧ್ಯಾಪಕರು ಗಮನಿಸಬೇಕೆಂದು ನಮ್ಮ ವಿನಂತಿ.