ಸಿರುಗುಪ್ಪದ ಎರೆ ಹೊಲದಲ್ಲಿ ಆಫ್ರಿಕಾದ ನೆಂಟ

ಅಗೋ, ಕಡಲೆ ಹೊಲದ ಬದುವಿನಾಚೆ ತಲೆ ಎತ್ತಿದ್ದು ಹಕ್ಕಿಯೇ!

"ನೋಡ್ರಿ, ಅಲ್ಲೇ ನೋಡ್ರಿ, ಎರೆಭೂತ ಬಂತು" ಎಂದು ಹೊಲದ ಯಜಮಾನರು ಕೈ ತೋರಿಸಿದರೂ ನಂಬಲಾಗುತ್ತಿಲ್ಲ. ಮೊದಲು ಕಾಣುವುದು ಬರೀ ಕುತ್ತಿಗೆ: ಉದ್ದಕ್ಕೆ, ನೆಟ್ಟಗೆ, ಬೆಳ್ಳಗೆ. ಅದರ ಮೇಲೆ ಟೋಪಿ ಇಟ್ಟ ಹಾಗೆ ಕಪ್ಪು ನೆತ್ತಿ. ಆಮೇಲೆ ಕಂದು ಬೆನ್ನು, ಎದೆಗೆ ಅಡ್ಡಲಾಗಿ ಕರಿ ಪಟ್ಟಿ. ಒಂದು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ. ಕೊಕ್ಕು ಇಳಿಸಿ ಮಿಡತೆಯೊಂದನ್ನು ಹೆಕ್ಕಿ, ಮತ್ತೆ ಕತ್ತೆತ್ತಿ ಸುತ್ತಲೂ ನೋಡುತ್ತದೆ. ಪಾದದಲ್ಲಿ ಮೂರೇ ಬೆರಳು. ಹಿಂಬೆರಳಿಲ್ಲ, ಹಾಗಾಗಿ ಮರದ ಕೊಂಬೆ ಹಿಡಿದು ಕೂರುವ ಮಾತೇ ಇಲ್ಲ. ಎತ್ತರ ಹೆಚ್ಚುಕಡಿಮೆ ಒಂದು ಮೀಟರ್. ಬಲಿತ ಗಂಡು 15 ಕಿಲೋವರೆಗೆ ತೂಗುತ್ತದೆ. ಅಷ್ಟು ಭಾರದ ಮೈ ಹೊತ್ತು ಇದು ಹಾರುತ್ತದೆ! ಅದೂ ಭತ್ತದ ನಾಡೆಂದೇ ಹೆಸರಾದ ಸಿರುಗುಪ್ಪ ತಾಲ್ಲೂಕಿನಲ್ಲಿ!

ಜೂನ್‌ನಿಂದ ಆಗಸ್ಟ್‌ವರೆಗಿನ ತಂಪು ತಿಂಗಳಲ್ಲಿ ಜನ ಲಕ್ಷಗಟ್ಟಲೆ ಸುರಿದು ಆಫ್ರಿಕಾದ ಸಫಾರಿಗೆ ಹೋಗುತ್ತಾರೆ. ಆಗ ಅಲ್ಲಿ ಹುಲ್ಲು ಒಣಗಿರುತ್ತದೆ, ಪ್ರಾಣಿಗಳು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಸೆರೆಂಗೆಟಿಯಲ್ಲೋ ನಮೀಬಿಯಾದ ಎಟೋಷಾದಲ್ಲೋ ಜೀಪಿನ ಮುಂದೆ ಕೋರಿ ಬಸ್ಟರ್ಡ್ ಎಂಬ ದೊಡ್ಡ ಹಕ್ಕಿ ಗಂಭೀರವಾಗಿ ನಡೆದುಹೋಗುತ್ತದೆ. ಕೆಲವೊಮ್ಮೆ ಅದರ ಬೆನ್ನ ಮೇಲೆ ಕೆಂಪು ಜೇನುಹಿಡುಕ ಸವಾರಿ ಮಾಡುತ್ತಿರುತ್ತದೆ, ದೊಡ್ಡದರ ಕಾಲಿಗೆ ಬೆದರಿ ಏಳುವ ಹುಳು ಹಿಡಿಯಲು. ಆ ಕೋರಿಯೂ ನಮ್ಮ ಎರೆಭೂತವೂ ಒಂದೇ ಕುಲ, ಆರ್ಡಿಯೋಟಿಸ್. ನಡುವೆ ಇಡೀ ಅರಬ್ಬಿ ಸಮುದ್ರವಿದೆ, ಆದರೂ ಅದೇ ನಿಲುವು, ಅದೇ ನಡೆ. ಇದನ್ನು ತಿಳಿದ ಮೇಲೆ ಬಳ್ಳಾರಿ ಸೀಮೆಯ ಬಯಲನ್ನು ಬರೀ ಬಯಲೆಂದು ನೋಡಲು ನನಗಂತೂ ಆಗುವುದಿಲ್ಲ.

ತಾಲ್ಲೂಕಿನ ನೆಲವೇ ಎರಡು ಬಗೆ. ತುಂಗಭದ್ರೆ ಕವಲೊಡೆದು ಬಳಸಿ ಹರಿಯುವ ದೇಶನೂರಿನ ಕಡೆ ನೀರು, ಗದ್ದೆ, ಹಸಿರು. ನೀರಾವರಿ ಮುಟ್ಟದ ಕಡೆ ಕಪ್ಪು ಎರೆ. ಮುಂಗಾರಿನ ತೇವವನ್ನೇ ಹಿಡಿದಿಟ್ಟುಕೊಂಡು ಹಿಂಗಾರಿ ಜೋಳ, ಕಡಲೆ ಬೆಳೆಯುವ ಮಣ್ಣದು. ಎಳ್ಳಮಾಸಿ ಹೊತ್ತಿಗೆ ಬನ್ನಿ, ಅಲ್ಲಿ ಏನೆಲ್ಲ ಇದೆ! ಕಡಲೆ ಸಾಲಿನ ಮೇಲೆ ತೇಲಿದಂತೆ ಹಾರುವ ಹ್ಯಾರಿಯರ್ ಗಿಡುಗಗಳು ಮಧ್ಯ ಏಷ್ಯಾದ ಹುಲ್ಲುಬಯಲಿನಿಂದ ಇಲ್ಲಿಗೆ ಚಳಿಗಾಲ ಕಳೆಯಲು ಬಂದವು. ದೂರದಲ್ಲಿ ಕೃಷ್ಣಮೃಗಗಳ ಹಿಂಡು. ಎರೆಭೂತಕ್ಕೋ ಮಿಡತೆ, ಜೀರುಂಡೆ, ಓತಿಕ್ಯಾತ, ಉದುರಿದ ಕಾಳು, ಬಾರೆಹಣ್ಣು, ಎಲ್ಲವೂ ಊಟವೇ. ರಾಣೆಬೆನ್ನೂರಿನ ಕಡೆಯೂ ಒಂದು ಕಾಲಕ್ಕೆ ಇದ್ದ ಹಕ್ಕಿಗೆ ಕರ್ನಾಟಕದಲ್ಲಿ ಈಗ ಉಳಿದ ಆಸರೆ ಈ ಎರೆ ಹೊಲಗಳು.

ಪಕ್ಷಿತಜ್ಞ ಸಲೀಂ ಅಲಿಯವರು ಎರೆಭೂತವನ್ನೇ ರಾಷ್ಟ್ರಪಕ್ಷಿ ಮಾಡಿ ಎಂದಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. 2011ರಿಂದ ಇದು ಜಗತ್ತಿನ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಇಡೀ ದೇಶದಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು ಎಂದು ಅಂದಾಜು, ಹೆಚ್ಚಿನವು ರಾಜಸ್ಥಾನದಲ್ಲಿ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ, ಅದೂ ಬಯಲಲ್ಲಿ, ಬರಿನೆಲದ ಮೇಲೆ. ನಾಯಿ ಬಂದರೆ ಮುಗಿಯಿತು. ಕಣ್ಣುಗಳು ತಲೆಯ ಪಕ್ಕಕ್ಕಿರುವುದರಿಂದ ಅಕ್ಕಪಕ್ಕ ಚೆನ್ನಾಗಿ ಕಾಣುತ್ತದೆ, ನೇರ ಎದುರಿಗಿರುವ ವಿದ್ಯುತ್ ತಂತಿ ಕಾಣುವುದು ತೀರಾ ಹತ್ತಿರ ಬಂದಾಗ. ಆ ಭಾರದ ಮೈಯನ್ನು ತಟ್ಟನೆ ಹೊರಳಿಸಲಾಗದೆ ಬಡಿದು ಸಾಯುತ್ತದೆ. ಈ ಹಕ್ಕಿಗಳನ್ನು ಸಾಕಿ ಮರಿ ಮಾಡಿಸುವ ಜೈಸಲ್ಮೇರ್ ಕೇಂದ್ರದಲ್ಲಿ 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿದ ಸುದ್ದಿ ಓದಿದಾಗ ಕಣ್ಣು ತುಂಬಿ ಬಂತು. ಆದರೆ ಅಲ್ಲಿ ಹುಟ್ಟಿದ ಮರಿಗಳಿಗೂ ನಾಳೆ ಇಂಥದ್ದೇ ಹೊಲ, ಬಯಲು ಬೇಕು.

ಅಷ್ಟರಲ್ಲಿ ಹಕ್ಕಿ ಓಡತೊಡಗಿತು. ನಾಲ್ಕಾರು ದಾಪುಗಾಲು, ರೆಕ್ಕೆ ಬಿಚ್ಚಿತು, ಎದ್ದೇ ಬಿಟ್ಟಿತು! ಎಷ್ಟಗಲದ ರೆಕ್ಕೆ! ನಿಧಾನಕ್ಕೆ ಬಡಿಯುತ್ತ, ಜೋಳದ ತೆನೆಗಳಿಗಿಂತ ಸ್ವಲ್ಪವೇ ಮೇಲೆ ಸಾಗಿತು.

ಆ ಹೊಲ ಯಾವ ಊರಿನದೆಂದು ಬೇಕೆಂದೇ ಬರೆದಿಲ್ಲ. ಕ್ಯಾಮೆರಾ ಹಿಡಿದು ಬೆನ್ನಟ್ಟಿದರೆ ಅದು ಮೇವು ಬಿಟ್ಟು ಏಳುತ್ತದೆ, ಎದ್ದರೆ ತಂತಿಯ ಎತ್ತರಕ್ಕೇ ಏಳುತ್ತದೆ. ನೋಡುವ ಆಸೆಯಿದ್ದವರು ಅರಣ್ಯ ಇಲಾಖೆಯವರನ್ನು ಕೇಳಿ, ಬಂಡಿದಾರಿಯಲ್ಲೇ ನಿಂತು ದುರ್ಬೀನಿನಲ್ಲಿ ನೋಡಿ. ಬೆಳೆದು ನಿಂತ ಕಡಲೆಯನ್ನು ತುಳಿದರೆ ಹಕ್ಕಿಗಿಂತ ಮೊದಲು ರೈತರೇ ಸಿಟ್ಟಾಗುತ್ತಾರೆ, ಅವರ ಸಿಟ್ಟು ನ್ಯಾಯವಾದದ್ದು.