ಖಾಲಿ ಪಿಕಪ್ಪಿನ ಕುಣಿತ

ಪಿಕಪ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ನಸುಕಿನಲ್ಲಿ ಮಾರ್ಕೆಟ್ ಯಾರ್ಡಿಗೆ ಟೊಮೇಟೊ, ಕೊತ್ತಂಬರಿ ಹೊತ್ತು ಬರುವ ಬಿಳಿಯ ಗಾಡಿ. ಅದನ್ನು ಯಾರೂ ಪ್ರೀತಿಸುವುದಿಲ್ಲ, ದುಡಿಸಿಕೊಳ್ಳುತ್ತಾರೆ, ಅಷ್ಟೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಅಜ್ಜನ ಕಾಲದಲ್ಲಿ ಹುಲ್ಲು, ಸಿಮೆಂಟು ಸಾಗಿಸಿದ ಪಿಕಪ್ಪನ್ನು ಮೊಮ್ಮಗ ಶೆಡ್ಡಿನಿಂದ ಹೊರಗೆಳೆಯುತ್ತಾನೆ. ತುಕ್ಕು ಕೆರೆದು, ಬಣ್ಣ ಬಳಿದು, ಹೊಸ ಇಂಜಿನ್ ಕೂರಿಸಿ, ತನಗೆ ಬೇಕಾದ ಹಾಗೆ ಬದಲಿಸಿಕೊಂಡು ಭಾನುವಾರ ಸವಾರಿ ಹೊರಡುತ್ತಾನೆ. ಇದು ಅಲ್ಲಿ ಒಂದು ದೊಡ್ಡ ಹವ್ಯಾಸ, ಅಷ್ಟೇ ದೊಡ್ಡ ವ್ಯಾಪಾರ.

ನಮ್ಮ ಸಂಘದ ಯುವಕ ಯುವತಿಯರಲ್ಲಿ ಎಂಜಿನಿಯರಿಂಗ್ ಓದುತ್ತಿರುವವರೂ ಪಿಂಪ್ರಿ, ಚಾಕಣದ ಮೋಟಾರು ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿದವರೂ ಸಾಕಷ್ಟು ಮಂದಿ ಇದ್ದಾರೆ. ಇಂಥ ಗಾಡಿಗಳ ಚಿತ್ರ ನೋಡಿ ಬಾಯಿ ಬಿಡದವರು ಅವರಲ್ಲಿ ಕಡಿಮೆ. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿಸಿದ ಗಾಡಿ, ಅಗಲ ಚಕ್ರ, ಕನ್ನಡಿಯಂಥ ಬಣ್ಣ! ಆದರೆ ಹಿಂದೆ ಹೋಗಿ ಬಗ್ಗಿ ನೋಡಿದರೆ ಮಾತ್ರ ಆ ಗಾಡಿ ಕಟ್ಟಿದವನಿಗೆ ವಿದ್ಯೆ ಎಷ್ಟಿದೆ ಎಂಬುದು ತಿಳಿಯುತ್ತದೆ. ಇಂಜಿನ್ನಿಗೂ ಬಣ್ಣಕ್ಕೂ ದುಡ್ಡು ಸುರಿದವರು ಕಡೆಗೆ ಕೈ ಹಾಕುವುದು ಹಿಂದಿನ ಸಸ್ಪೆನ್ಶನ್ನಿಗೆ. ನಿಜಕ್ಕೂ ಮೊದಲು ಯೋಚಿಸಬೇಕಾದದ್ದು ಅದನ್ನೇ.

ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ ನಮ್ಮ ಹಿರಿಯರು. ಪಿಕಪ್ಪಿನ ಮಟ್ಟಿಗೆ ಇದು ಅಕ್ಷರಶಃ ನಿಜ. ಹೊರೆ ತುಂಬಿದಾಗ ಗಂಭೀರವಾಗಿ ಸಾಗುವ ಗಾಡಿ ಖಾಲಿಯಾದೊಡನೆ ಪ್ರತಿ ಗುಂಡಿಗೂ ಬಾಲ ಎತ್ತಿ ಹಾರುತ್ತದೆ. ಕಾರಿನಲ್ಲಿ ಖಾಲಿ ತೂಕಕ್ಕೂ ತುಂಬಿದ ತೂಕಕ್ಕೂ ಅಂತರ ಕಡಿಮೆ. ಪಿಕಪ್ಪಿನ ಹಿಂಭಾಗದಲ್ಲಿ ಅದು ಒಂದಕ್ಕೆರಡು ಆಗಬಹುದು. ಸ್ಪ್ರಿಂಗು ಮಾತ್ರ ಒಂದೇ.

ಒಂದು ಸಣ್ಣ ಲೆಕ್ಕ ಮಾಡೋಣ. ಭಾರ ಕೂತಾಗ ಸ್ಪ್ರಿಂಗು ಎಷ್ಟು ಸೆಂಟಿಮೀಟರ್ ತಗ್ಗುತ್ತದೆಯೋ ಆ ಸಂಖ್ಯೆಯ ವರ್ಗಮೂಲ ತೆಗೆದು, 5ನ್ನು ಅದರಿಂದ ಭಾಗಿಸಿ. ಬಂದ ಉತ್ತರವೇ ಗಾಡಿ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ತೂಗುತ್ತದೆ ಎಂಬುದು. ಉದಾಹರಣೆಗೆ ಹಿಂಭಾಗದಲ್ಲಿ 500 ಕಿಲೋ ಗಾಡಿಯದೇ ತೂಕ, ಮೇಲೆ 500 ಕಿಲೋ ಹೊರೆ ಎಂದಿಟ್ಟುಕೊಳ್ಳಿ. ಒಟ್ಟು ಭಾರಕ್ಕೆ ಸ್ಪ್ರಿಂಗು 16 ಸೆಂಟಿಮೀಟರ್ ತಗ್ಗಿದರೆ ತೂಗಾಟ ಸೆಕೆಂಡಿಗೆ 1.25 ಸಲ. ಇದು ಮೈಗೆ ಹಿತ; ಸುಖವಾಗಿ ಓಡುವ ಕಾರುಗಳೂ 1ರಿಂದ 1.5ರ ಆಸುಪಾಸಿನಲ್ಲೇ ಇರುತ್ತವೆ. ಈಗ ಹೊರೆ ಇಳಿಸಿ. ತಗ್ಗುವುದು 8 ಸೆಂಟಿಮೀಟರ್, ತೂಗಾಟ ಸುಮಾರು 1.8. ಸೊಂಟಕ್ಕೆ ಬಡಿಯುವುದು ಈ ವ್ಯತ್ಯಾಸವೇ. ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಕೊನೆಯ ಸೀಟು ಸಿಕ್ಕವರಿಗೆ ಹಿಂದಿನ ಆಕ್ಸಲ್ಲಿನ ಕುಪ್ಪಳಿಕೆಯನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಮೆತ್ತನೆಯ ಸ್ಪ್ರಿಂಗು ಹಾಕಿಬಿಟ್ಟರಾಯಿತಲ್ಲ ಎನ್ನಬಹುದು. ಆಯಿತು, ಹಾಕಿ. ಆದರೆ ಆ ಗಾಡಿ ಇನ್ನು ಮುಂದೆ ಅರ್ಧ ಟನ್ ಹೊರುವ ಗಾಡಿಯಲ್ಲ. ಭಾರ ಹೇರಿದರೆ ಆಕ್ಸಲ್ ಮೇಲೆದ್ದು ಚಾಸಿಗೆ ಗುದ್ದುತ್ತದೆ. ಹಿಂದಿನ ಸಸ್ಪೆನ್ಶನ್ ಬದಲಿಸುವವನು ಮೊದಲು ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಗಾಡಿ ಇನ್ನು ಮೇಲೆ ಏನು ಹೊರಬೇಕು?

ಈ ಪ್ರಶ್ನೆಗೆ ಕಾರ್ಖಾನೆಯವರೇ ಒಮ್ಮೆ ಸೊಗಸಾದ ಉತ್ತರ ಹುಡುಕಿದ್ದರು. ಅಮೆರಿಕದ ಹಳೆಯ ಪಿಕಪ್ಪುಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಇದ್ದದ್ದು ಪಟ್ಟಿ ಸ್ಪ್ರಿಂಗು, ನಮ್ಮ ಲಾರಿ ಗ್ಯಾರೇಜಿನವರ ಭಾಷೆಯಲ್ಲಿ ಪ್ಲೇಟು. ಫೋರ್ಡ್ ಕಂಪೆನಿ 1953ರಲ್ಲಿ ತಂದ ಎಫ್-100ರಲ್ಲೂ ಅದೇ. ಪ್ಲೇಟು ಬಹಳ ಒಳ್ಳೆಯ ಸೇವಕ. ಭಾರ ಹೊರುವುದು, ಆಕ್ಸಲ್ಲನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುವುದು, ಪಕ್ಕಕ್ಕೆ ಜಾರದಂತೆ ನೋಡಿಕೊಳ್ಳುವುದು, ಎಲ್ಲವನ್ನೂ ಒಬ್ಬನೇ ಮಾಡುತ್ತಾನೆ. ಆದರೆ ಒಬ್ಬನೇ ಎಲ್ಲ ಮಾಡುವ ಮನೆಯಲ್ಲಿ ಯಾವುದೂ ಪೂರ್ತಿ ಹದಕ್ಕೆ ಬರುವುದಿಲ್ಲ. ಬಲವಾದ ಇಂಜಿನ್ ಕೂರಿಸಿ ಜೋರಾಗಿ ಆಕ್ಸಿಲರೇಟರ್ ತುಳಿದರೆ ಆಕ್ಸಲ್ ತಿರುಚಿಕೊಂಡು ಪ್ಲೇಟುಗಳು ಡೊಂಕಾಗಿ ಬಾಗುತ್ತವೆ, ಚಕ್ರ ನೆಲದ ಮೇಲೆ ಕುಪ್ಪಳಿಸುತ್ತದೆ.

1960ರ ಮಾದರಿಯಿಂದ ಷೆವ್ರೊಲೆ ಕಂಪೆನಿ ತನ್ನ ಸಿ-10 ಪಿಕಪ್ಪಿಗೆ ಬೇರೆಯೇ ವ್ಯವಸ್ಥೆ ಮಾಡಿತು. ಸುರುಳಿ ಸ್ಪ್ರಿಂಗಿಗೆ ಭಾರ ಹೊರುವ ಕೆಲಸ ಮಾತ್ರ. ಆಕ್ಸಲ್ಲನ್ನು ಹಿಡಿಯಲು ಎರಡು ಉದ್ದನೆಯ ಉಕ್ಕಿನ ತೋಳುಗಳು. ಅವು ಡ್ರೈವರನ ಕ್ಯಾಬಿನ್ನಿನ ಅಡಿಯಲ್ಲಿ ಚಾಸಿಯ ಅಡ್ಡಪಟ್ಟಿಯಿಂದ ಹೊರಟು, ಹಿಂದೆ ಹೋಗುತ್ತ ಅಗಲವಾಗಿ, ಆಕ್ಸಲ್ಲಿನ ಎರಡು ಬದಿಗಳನ್ನು ಹಿಡಿದುಕೊಳ್ಳುತ್ತವೆ. ಪಕ್ಕದ ಜಾರಾಟ ತಡೆಯಲು ಒಂದು ಅಡ್ಡ ಸರಳು. ಇಷ್ಟೇ. ಈ ತೋಳುಗಳು ಎಷ್ಟು ಚೆನ್ನಾಗಿದ್ದವೆಂದರೆ ಅಮೆರಿಕದ ನಾಸ್ಕಾರ್ ರೇಸಿನವರು ಅದನ್ನೇ ಎತ್ತಿಕೊಂಡು ತಮ್ಮ ಕಾರುಗಳಿಗೆ ಜೋಡಿಸಿದರು. ಅಲ್ಲಿನ ಮುಖ್ಯ ಸರಣಿಯ ಕಾರುಗಳು 2022ರಲ್ಲಿ ಹೊಸ ವಿನ್ಯಾಸ ಬರುವವರೆಗೂ ಪಿಕಪ್ಪಿನ ಈ ತೋಳಿನ ವಂಶಜರ ಮೇಲೆಯೇ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದವು. ಟೊಮೇಟೊ ಗಾಡಿಯ ಗೌರವ ನೋಡಿ!

1973ರ ಮಾದರಿಯಲ್ಲಿ ಷೆವ್ರೊಲೆ ಮತ್ತೆ ಹಿಂದಕ್ಕೆ ಪ್ಲೇಟನ್ನೇ ತಂದಿತು. ಹಾಗಾಗಿ ಹವ್ಯಾಸಿಗಳ ಕಣ್ಣು ಇಂದಿಗೂ 1967ರಿಂದ 1972ರ ಸಿ-10 ಮೇಲೆ. ಅದನ್ನೇ ಎದುರಿಗಿಟ್ಟುಕೊಂಡು ಮುಂದೆ ನೋಡೋಣ.

ಎಲ್ಲರೂ ಮೊದಲು ಮಾಡುವುದು ಗಾಡಿಯನ್ನು ತಗ್ಗಿಸುವ ಕೆಲಸ. ಇದರಲ್ಲಿ ಬರೀ ಶೋಕಿ ಇಲ್ಲ. ತೂಕ ನೆಲಕ್ಕೆ ಹತ್ತಿರವಾದಷ್ಟೂ ತಿರುವಿನಲ್ಲಿ ವಾಲುವುದು ಕಡಿಮೆ. ಆದರೆ ತಗ್ಗಿಸುವ ಬಗೆ ಹೇಗೆ? ನಮ್ಮಲ್ಲೂ ಅಲ್ಲಿಯೂ ಕಡಿಮೆ ಖರ್ಚಿನ ಒಂದು ದಾರಿಯಿದೆ, ಸುರುಳಿಯ ಒಂದೆರಡು ಸುತ್ತನ್ನು ಕತ್ತರಿಸಿ ಹಾಕುವುದು. ಸುತ್ತು ಕಡಿಮೆಯಾದರೆ ಸ್ಪ್ರಿಂಗು ಮೆತ್ತಗಾಗುವುದಿಲ್ಲ, ಇನ್ನೂ ಗಡುಸಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಗ್ಯಾಸ್ ಜ್ವಾಲೆಯಿಂದ ಕಾಯಿಸಿ ಕೂರಿಸುವುದು. ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ಹದವೇ ಅದರಿಂದ ಹೊರಟುಹೋಗುತ್ತದೆ. ತಗ್ಗಿನ ಅಳತೆಗೇ ತಯಾರಾದ ಸ್ಪ್ರಿಂಗು, ಅದಕ್ಕೆ ಹೊಂದುವ ಗಿಡ್ಡ ಶಾಕ್ ಅಬ್ಸಾರ್ಬರ್ ಹಾಕುವುದೇ ಸರಿ. ಹಳೆಯ ಉದ್ದದ್ದನ್ನೇ ಉಳಿಸಿಕೊಂಡರೆ ಅದು ತಳ ಹೊಡೆದು ಕೆಲವೇ ದಿನಗಳಲ್ಲಿ ಎಣ್ಣೆ ಕಾರುತ್ತದೆ.

ಇನ್ನು ಆ ಅಡ್ಡ ಸರಳಿನ ವಿಷಯ. ಫ್ರಾನ್ಸಿನ ಹಳೆಯ ಕಾರು ಕಂಪೆನಿ ಪನಾರ್ ಹೆಸರು ಅದಕ್ಕೆ ಅಂಟಿಕೊಂಡಿದೆ. ಸರಳಿನ ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್ಲಿಗೆ. ಆಕ್ಸಲ್ ಮೇಲೆ ಕೆಳಗೆ ಆಡುವಾಗ ಸರಳಿನ ತುದಿ ನೇರ ಗೆರೆಯಲ್ಲಿ ಹೋಗುವುದಿಲ್ಲ, ಬಾಗಿಲಿನ ಅಂಚಿನ ಹಾಗೆ ಕಮಾನಿನಲ್ಲಿ ಹೋಗುತ್ತದೆ. ಅಂದರೆ ಪ್ರತಿ ಏರಿಳಿತಕ್ಕೂ ಆಕ್ಸಲ್ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಎಷ್ಟು? 50 ಸೆಂಟಿಮೀಟರ್ ಉದ್ದದ ಸರಳು ಮೊದಲು ನೆಲಕ್ಕೆ ಸಮನಾಗಿತ್ತು ಎಂದುಕೊಳ್ಳಿ. ಆಕ್ಸಲ್ 10 ಸೆಂಟಿಮೀಟರ್ ಏರಿದರೆ ಅದು 1 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಪರವಾಗಿಲ್ಲ. ಆದರೆ ಗಾಡಿಯನ್ನು 10 ಸೆಂಟಿಮೀಟರ್ ತಗ್ಗಿಸಿದ್ದೇವಲ್ಲ, ಆ ಸರಳು ನಿಂತಲ್ಲೇ ಓರೆಯಾಗಿದೆ. ಅಲ್ಲಿಂದ ಮುಂದೆ ಇನ್ನೊಂದು 10 ಸೆಂಟಿಮೀಟರ್ ಏರಿದರೆ ಮತ್ತೆ 3 ಸೆಂಟಿಮೀಟರಿಗೂ ಮಿಕ್ಕಿ ಸರಿಯುತ್ತದೆ! ಪೈಥಾಗೊರಸ್ ಪ್ರಮೇಯ ಗೊತ್ತಿರುವ ಹತ್ತನೇ ತರಗತಿಯ ಮಗುವೂ ಇದನ್ನು ಪರೀಕ್ಷಿಸಬಹುದು. ಹೆದ್ದಾರಿಯ ತಿರುವಿನಲ್ಲಿ ಒಂದು ಉಬ್ಬು ಬಂದರೆ ಗಾಡಿಯ ಬಾಲವನ್ನು ಯಾರೋ ಪಕ್ಕಕ್ಕೆ ಎಳೆದ ಹಾಗೆ.

ಸಿ-10ಕ್ಕೆ ಕಾರ್ಖಾನೆಯಿಂದ ಬಂದ ಸರಳು ಗಿಡ್ಡ. ಅದನ್ನು ತೆಗೆದು ಚಾಸಿಯ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಚಾಚುವ, ಉದ್ದ ಹೊಂದಿಸಿಕೊಳ್ಳಬಹುದಾದ ಸರಳು ಹಾಕುತ್ತಾರೆ. ಉದ್ದ 100 ಸೆಂಟಿಮೀಟರ್ ಆದರೆ, ಮೇಲಿನ ಲೆಕ್ಕದ 3 ಸೆಂಟಿಮೀಟರ್ ಒಂದೂವರೆಗೆ ಇಳಿಯುತ್ತದೆ. ಗಾಡಿ ನಿಂತ ಎತ್ತರದಲ್ಲಿ ಅದು ನೆಲಕ್ಕೆ ಸಮನಾಗಿರುವಂತೆ ಕೂರಿಸಿದರೆ ಇನ್ನೂ ಮೇಲು. ನನ್ನನ್ನು ಕೇಳಿದರೆ, ಈ ಗಾಡಿಗೆ ಹಾಕುವ ಎಲ್ಲ ಬಿಡಿಭಾಗಗಳಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫಲ ಕೊಡುವುದು ಇದೇ. ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಇದಕ್ಕೆ ಅಷ್ಟು ಮಾನವಿಲ್ಲ.

ಗಾಡಿ ತಗ್ಗಿದಾಗ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗುತ್ತದೆ. ಶಾಫ್ಟಿನ ಎರಡು ತುದಿಯ ಕ್ರಾಸ್ ಜಾಯಿಂಟುಗಳ ಕೋನ ಒಂದಕ್ಕೊಂದು ಸರಿದೂಗದಿದ್ದರೆ ಶಾಫ್ಟು ಸುತ್ತಿಗೆ ಎರಡು ಸಲ ನಡುಗುತ್ತದೆ. ಎಷ್ಟೋ ಮಂದಿ ಆ ನಡುಕಕ್ಕೆ ಟೈರನ್ನು ಬೈದು ಹೊಸ ಟೈರು ತರುತ್ತಾರೆ.

ಇನ್ನೂ ತಗ್ಗಬೇಕು ಎನ್ನುವವರಿಗೆ ಒಂದು ಗಂಭೀರ ಮಾತು. ಒಂದು ಹಂತ ದಾಟಿದರೆ ಆಕ್ಸಲ್ಲಿಗೆ ಏಳಲು ಜಾಗವೇ ಇರುವುದಿಲ್ಲ. ಆಗ ಚಾಸಿಯ ಉದ್ದ ಪಟ್ಟಿಯ ಕೆಳ ಅಂಚನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿ, ಅಲ್ಲಿಗೆ ದಪ್ಪ ಉಕ್ಕಿನ ಬಲಪಟ್ಟಿ ಸೇರಿಸುತ್ತಾರೆ. ಸಿ-ನಾಚ್ ಎಂದು ಇದರ ಹೆಸರು. ಸರಿಯಾಗಿ ಮಾಡಿದರೆ ಇದರಲ್ಲಿ ದೋಷವಿಲ್ಲ. ಆದರೆ ಒಂದು ಹಲಗೆಯನ್ನು ನೆನಪಿಸಿಕೊಳ್ಳಿ: ಮಲಗಿಸಿದರೆ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿದರೆ ಬಾಗುವುದಿಲ್ಲ. ಗಟ್ಟಿ ಪಟ್ಟಿಯೊಂದರ ಎತ್ತರ ಅರ್ಧವಾದರೆ ಬಿಗಿತ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಚಾಸಿಯ ಪಟ್ಟಿ ಬಳಗೆಟ್ಟಿಯಲ್ಲ, ಚೌಕ ಬಾಯಿಯ ಸಿ ಅಕ್ಷರದಂತೆ ಮಡಿಸಿದ ತಗಡು. ಅದರ ಬಲವೆಲ್ಲ ಮೇಲಿನ ಕೆಳಗಿನ ಅಂಚುಗಳಲ್ಲೇ ಇರುತ್ತದೆ. ನಾವು ಕತ್ತರಿಸಿದ್ದು ಆ ಅಂಚನ್ನೇ. ಬೆಸುಗೆ ಕಳಪೆಯಾದರೆ ಮೊದಲ ದಿನ ಏನೂ ಆಗುವುದಿಲ್ಲ. ಲಕ್ಷಾಂತರ ಸಲ ಕುಲುಕಿ, ಕೂದಲೆಳೆಯ ಬಿರುಕು ಹುಟ್ಟಿ, ಅದು ಒಳಗೊಳಗೇ ಬೆಳೆಯುತ್ತದೆ. ಹೊಳೆಯುವ ಬಣ್ಣ ಆ ಬಿರುಕನ್ನು ಚೆನ್ನಾಗಿ ಮುಚ್ಚಿಡುತ್ತದೆ. ಮುಂದೊಂದು ದಿನ ಆ ಗಾಡಿಯನ್ನು ಕೊಂಡವನು ಪಿಕಪ್ಪೇ ತಾನೇ ಎಂದು ಅರ್ಧ ಟನ್ ಇಟ್ಟಿಗೆ ತುಂಬಬಹುದು. ಅವನ ಹಿಂದೆ ಸ್ಕೂಟರಿನಲ್ಲಿ ಬರುವವರಿಗೆ ಸಿ-ನಾಚ್ ಎಂದರೇನೆಂದೇ ಗೊತ್ತಿರುವುದಿಲ್ಲ.

ಬ್ರೇಕಿನ ರಬ್ಬರ್ ಕೊಳವೆಯದೂ ಇಂಥದೇ ಸಂಗತಿ. ಆಕ್ಸಲ್ ಪೂರ್ತಿ ಕೆಳಗೆ ಜೋತಾಡಿದಾಗಲೂ ಅದು ಬಿಗಿದುಕೊಳ್ಳಬಾರದು. ಗಾಡಿಯನ್ನು ಎತ್ತಿ ನಿಲ್ಲಿಸಿ ಕಣ್ಣಾರೆ ನೋಡದೆ ರಸ್ತೆಗೆ ಇಳಿಸುವಂತಿಲ್ಲ.

ಹಣವುಳ್ಳವರು ಹಳೆಯದನ್ನೆಲ್ಲ ಕಿತ್ತು ನಾಲ್ಕು ಸರಳಿನ ವ್ಯವಸ್ಥೆ ಕೂರಿಸುತ್ತಾರೆ. ಕೆಲವರು ಅಡ್ಡ ಸರಳಿನ ಬದಲು ವಾಟ್ ಜೋಡಣೆ ಹಾಕುತ್ತಾರೆ. ಉಗಿಯಂತ್ರದ ಜೇಮ್ಸ್ ವಾಟ್ 1784ರಲ್ಲಿ ಪೇಟೆಂಟ್ ಪಡೆದ ಸಂಧಿ ವ್ಯವಸ್ಥೆಯ ಬಳಗದ್ದು ಇದು. ಆಕ್ಸಲ್ ಪಕ್ಕಕ್ಕೆ ಸರಿಯದೆ ಹೆಚ್ಚುಕಡಿಮೆ ನೆಟ್ಟಗೆ ಏರಿಳಿಯುತ್ತದೆ. ಇನ್ನು ಗಾಳಿ ಚೀಲದ ಸ್ಪ್ರಿಂಗು. ನಮ್ಮ ಊರಿಗೆ ಹೋಗುವ ವೋಲ್ವೊ ಬಸ್ಸುಗಳ ಅಡಿಯಲ್ಲಿ ಇರುವುದು ಇದೇ ತತ್ತ್ವ. ಭಾರ ಹೆಚ್ಚಿದಂತೆ ಗಾಳಿಯ ಒತ್ತಡ ಹೆಚ್ಚಿಸಿ ಎತ್ತರವನ್ನು ಕಾಯ್ದುಕೊಳ್ಳಬಹುದು; ಖಾಲಿಯಾದರೂ ತುಂಬಿದರೂ ತೂಗಾಟ ಹೆಚ್ಚು ಬದಲಾಗದು. ನಮ್ಮ ಮೊದಲ ಪ್ರಶ್ನೆಗೆ ಇದು ಒಳ್ಳೆಯ ಉತ್ತರವೇ. ಆದರೆ ಎಷ್ಟೋ ಮಂದಿ ಇದನ್ನು ಹಾಕಿಸುವುದು ನಿಂತಾಗ ಗಾಳಿ ಬಿಟ್ಟು ಗಾಡಿಯನ್ನು ನೆಲಕ್ಕೆ ಮಲಗಿಸಿ ತೋರಿಸಲಿಕ್ಕೆ. ಅದು ಸಸ್ಪೆನ್ಶನ್ ಅಲ್ಲ, ಸರ್ಕಸ್. ನಿತ್ಯ ಓಡಿಸುವ ಸಿ-10 ಆದರೆ ಕಾರ್ಖಾನೆಯ ತೋಳುಗಳನ್ನು ಉಳಿಸಿಕೊಂಡು, ಅದರ ಸವೆದ ರಬ್ಬರ್ ಬುಷ್ ಬದಲಿಸಿ, ಅಳತೆಗೆ ತಕ್ಕ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಉದ್ದನೆಯ ಅಡ್ಡ ಸರಳು ಹಾಕಿದರೆ ಧಾರಾಳ ಸಾಕು.

ನಮ್ಮ ದೇಶದಲ್ಲಿ ಇದನ್ನೆಲ್ಲ ಮಾಡಬಹುದೇ ಎಂದು ಕೇಳುವವರಿಗೆ ಉತ್ತರ ಸುಲಭವಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಕಾರ್ಖಾನೆ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. 2021ರಲ್ಲಿ 50 ವರ್ಷ ದಾಟಿದ ಹಳೆಯ ವಾಹನಗಳಿಗೆ ವಿಎ ಅಕ್ಷರಗಳಿರುವ ವಿಶೇಷ ನೋಂದಣಿ ಬಂತು. ಆದರೆ ಅದೂ ಮೂಲ ರೂಪದಲ್ಲಿರುವ ಗಾಡಿಗೆ ಮಾತ್ರ. ಚಾಸಿಗೆ ಕತ್ತರಿ ಬಿದ್ದರೆ ಆ ಗೌರವವೂ ಇಲ್ಲ. ಅಣ್ಣನ ಜೀಪನ್ನು ಎತ್ತರಿಸಲು ಹೊರಟಿರುವ ತಮ್ಮಂದಿರು ಆರ್‌ಟಿಓ ಕಚೇರಿಯನ್ನೂ ವಿಮೆಯ ಕಾಗದವನ್ನೂ ಮೊದಲು ನೋಡಿಕೊಳ್ಳಲಿ.

ಕೈಗೆ ಗ್ರೀಸ್ ಹತ್ತಿಸಿಕೊಳ್ಳಲೇಬೇಕೆಂಬ ಆಸೆಯಿರುವ ವಿದ್ಯಾರ್ಥಿಗಳಿಗೆ ಬೇರೆ ದಾರಿಯಿದೆ. ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಯಲ್ಲಿ ಕಾಲೇಜು ತಂಡಗಳು ಒಬ್ಬರು ಕೂರುವ ಗಾಡಿಯನ್ನು ತಾವೇ ವಿನ್ಯಾಸ ಮಾಡಿ, ಬೆಸೆದು, ಮಧ್ಯಪ್ರದೇಶದ ಪೀಥಂಪುರದಂಥ ಕಡೆ ಕಲ್ಲು ಮಣ್ಣಿನ ಹಾದಿಯಲ್ಲಿ ಓಡಿಸುತ್ತಾರೆ. ಓಟಕ್ಕೆ ಮೊದಲು ಪರೀಕ್ಷಕರು ಬೆಸುಗೆ, ಬ್ರೇಕು ಒಂದೊಂದನ್ನೂ ನೋಡುತ್ತಾರೆ. ಹಿಂದಿನ ತೋಳಿನ ಉದ್ದ ಇಷ್ಟೇ ಏಕೆ ಎಂದು ಕೇಳಿದರೆ ಲೆಕ್ಕ ಕೊಟ್ಟು ಉತ್ತರಿಸಬೇಕು. ಕಾಲೇಜಿನಲ್ಲಿ ತಂಡವಿದೆಯೇ ಎಂದು ಈ ವಾರವೇ ವಿಚಾರಿಸಿ.